ಹೀರೆಬಳ್ಳಿ ಚಪ್ಪರಕ್ಕೆ ಎರಡನೆಯ ನೋಟೀಸು

ಕಡಲಾಚೆಯ ಕ್ಯಾಂಪ್‌ಬೆಲ್ ಊರಲ್ಲಿ ನೆಲೆಸಿದ ದಾನವ್ವನ ಹಿತ್ತಲಲ್ಲಿ ಹೀರೆಬಳ್ಳಿ ಚಪ್ಪರದ ತುಂಬ ಕಾಯಿ ಬಿಟ್ಟಿತ್ತು. ಆ ಚಪ್ಪರ ನಿಂತ ಜಾಗ ತನ್ನದೆಂದು ಬೇಲಿಯಾಚೆಯ ಮನೆಯವನು ಹಿಂದೊಮ್ಮೆ ಕೋರ್ಟಿಗೆ ಹೋಗಿ ಸೋತಿದ್ದ. ಅಪೀಲಿಗೂ ಹೋಗಿರಲಿಲ್ಲ. ದಾನವ್ವನ ಗಂಡ ಸಂಗನಬಸಪ್ಪ ಆ ಖುಷಿಗೆ ಓಣಿಗೆಲ್ಲ ಧಾರವಾಡ ಪೇಡೆ ಹಂಚಿದ್ದ. ಸೋತವನಿಗೂ ಒಂದು ಡಬ್ಬಿ ಕೊಟ್ಟು ಬಂದಿದ್ದ!

ಪೇಡೆ ತಿಂದ ಪುಣ್ಯಾತ್ಮ ಈಗ ಮತ್ತೆ ಕೇಸು ಹಾಕಿದ. ಅದೇ ಜಾಗ, ಅದೇ ಜನ. ದಾನವ್ವನ ಮನೆಯ ಹಿಂದಿನ ಮಾಲೀಕರು ಆ ಜಾಗವನ್ನು ತನಗೆ ಬಿಟ್ಟುಕೊಟ್ಟಿದ್ದರು ಎಂಬುದೊಂದೇ ಹೊಸ ಮಾತು. ನೋಟೀಸು ನೋಡಿ ದಾನವ್ವ ಗಂಡನ ಬಳಿ ಓಡಿದಳು. ಸಂಗನಬಸಪ್ಪ ಮಾತ್ರ ಜಗ್ಗಲಿಲ್ಲ.

"ಗೆದ್ದಾವ್ರು ಮತ್ತ ಯಾಕ ಉತ್ತರಾ ಕೊಡಬೇಕ? ನಾಯಿ ಬೊಗಳಿದ್ರ ದೇವಲೋಕ ಹಾಳಾಗತದೇನ?" ಎಂದು ನೋಟೀಸನ್ನು ಟಿ.ವಿ. ಕೆಳಗೆ ತುರುಕಿದ.

ದಾನವ್ವನಿಗೆ ಸಮಾಧಾನವಾಗಲಿಲ್ಲ. ನಾಲ್ಕು ಹೀರೇಕಾಯಿ ಕಿತ್ತುಕೊಂಡು ಅದೇ ಓಣಿಯ ರಮಾಳ ಮನೆಗೆ ಹೋದಳು. ರಮಾ ಮೈಸೂರಿನವಳು, ಇಲ್ಲಿ ವಕೀಲೆ. ಅವಳು ಕೂಡಲೇ ಎದ್ದು ಬಂದು ನೋಟೀಸು, ಹಳೆಯ ತೀರ್ಪು ಎರಡನ್ನೂ ಓದಿದಳು.

"ಒಂದೇ ಜಗಳಾನ ಎರಡು ಸಲ ಕೋರ್ಟಿಗೆ ತರೋ ಹಾಗಿಲ್ಲ ಆಂಟಿ. ಹಳೇ ಮಾಲೀಕರು ಬಿಟ್ಟುಕೊಟ್ರು ಅನ್ನೋ ಮಾತು ಅವನಿಗೆ ಆಗ್ಲೇ ಗೊತ್ತಿತ್ತು, ಆಗ್ಲೇ ಹೇಳ್ಬೇಕಿತ್ತು. ಆದ್ರೆ ಹಳೇ ತೀರ್ಪಿದೆ ಅಂತ ನಾವೇ ಹೇಳ್ಬೇಕು. ಸುಮ್ನಿದ್ರೆ ಜಡ್ಜ್‌ಗೇನು ಕನಸು ಬೀಳುತ್ತಾ?"

ಗಡುವಿನೊಳಗೆ ಉತ್ತರ ಹೋಗದಿದ್ದರೆ ಅವನೇ ಗೆದ್ದುಬಿಡಬಹುದು ಎಂದೂ ಹೇಳಿದಳು. ನಾಳೆ ಅವನು ಬೇಲಿ ಮುರಿದರೆ ಅದು ಬೇರೆ ಜಗಳ, ಇದು ಹಳೆಯದೇ ಎಂದು ಬಿಡಿಸಿ ಹೇಳಿದಳು.

"ಹಂಗಾರ ನಾವು ಗೆದ್ದದ್ದೇನ್ ಬಂತು?" ಸಂಗನಬಸಪ್ಪ ಗೊಣಗಿದ.

"ಗೆದ್ದಿದ್ದೇ ನಿಮ್ಮ ಉತ್ತರ ಅಂಕಲ್. ಅದನ್ನ ಕೋರ್ಟಿಗೆ ತೋರಿಸ್ಬೇಕು, ಅಷ್ಟೆ."

ಸಂಗನಬಸಪ್ಪ ಉತ್ತರದ ಕಾಗದಕ್ಕೆ ಸಹಿ ಹಾಕಿದ. ರಮಾ ಹಳೆಯ ತೀರ್ಪು ಲಗತ್ತಿಸಿ ಉತ್ತರ ಸಲ್ಲಿಸಿದಳು. ವಿಚಾರಣೆಯ ದಿನ ಜಡ್ಜು ಎರಡನ್ನೂ ಓದಿ, ಈ ಮಾತನ್ನು ಮೊದಲೇ ಏಕೆ ಹೇಳಲಿಲ್ಲವೆಂದು ನೆರೆಯವನನ್ನು ಕೇಳಿದರು. ಹಳೆಯ ತೀರ್ಪೇ ನಿಲ್ಲುತ್ತದೆ ಎಂದರು. ಕೇಸು ವಜಾ ಆಯಿತು. ದಾನವ್ವ ರಮಾಳ ಕೆನ್ನೆ ಹಿಡಿದು ದೃಷ್ಟಿ ತೆಗೆದಳು. ಚಪ್ಪರ ಉಳಿಯಿತು!

ಮನೆಗೆ ಬಂದದ್ದೇ ಸಂಗನಬಸಪ್ಪ ಪೇಡೆ ತರಲು ಕಾರಿನ ಕೀಲಿ ಹುಡುಕಿದ.

"ಪೇಡೆ ಆಮ್ಯಾಲ ತರೂವಂತ್ರಿ," ಎಂದಳು ದಾನವ್ವ. "ಮೊದಲ ಎರಡೂ ತೀರ್ಪು ಕಪಾಟಿನ್ಯಾಗ ಇಡ್ರಿ."

ಅಕ್ಕ-ಅಣ್ಣಂದಿರೇ, ಕೋರ್ಟಿಗೆ ಹೋಗುವುದಿದ್ದರೆ ಹೇಳಬೇಕಾದ್ದನ್ನೆಲ್ಲ ಒಮ್ಮೆಲೇ ಹೇಳಿ. ಗೆದ್ದರೆ ತೀರ್ಪನ್ನು ಜೋಪಾನವಾಗಿಡಿ. ಅದೇ ಜಗಳ ಮತ್ತೆ ಬಾಗಿಲು ತಟ್ಟಿದರೆ ಹೆದರಬೇಡಿ, ಸುಮ್ಮನೆಯೂ ಕೂರಬೇಡಿ. ಗಡುವಿನೊಳಗೆ ವಕೀಲರನ್ನೋ ಕೋರ್ಟಿನ ಸಹಾಯ ಕೇಂದ್ರವನ್ನೋ ಕೇಳಿ, ಉತ್ತರ ಕೊಡಿ. ಗೆದ್ದವರೂ ಬಾಯಿಬಿಟ್ಟು ಹೇಳಿದರೇ ಗೆಲುವು ಉಳಿಯುತ್ತದೆ.