ಅಜ್ಜನವರ ಬಾವಿಯ ತೀರ್ಥ

ನಮ್ಮ ಎಲಚಿಪಾಳ್ಯಕ್ಕೆ ಇದ್ದದ್ದು ಒಂದೇ ಬಾವಿ. ಮೆಟ್ಟಿಲು ಬಾವಿ. ಇಪ್ಪತ್ತೆರಡು ಮೆಟ್ಟಿಲು ಇಳಿದು, ಮೊಣಕಾಲಷ್ಟು ನೀರಿನಲ್ಲಿ ನಿಂತು ಕೊಡ ಮುಳುಗಿಸಿಕೊಂಡು ಬರಬೇಕು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರದ ದೊಡ್ಡ ಮನೆಯ ಅಜ್ಜನವರು ಅರವತ್ತು ವರ್ಷದ ಹಿಂದೆ ಧರ್ಮಕ್ಕೆಂದು ಕಟ್ಟಿಸಿದ್ದು. ಮೇಲಿನ ಮೆಟ್ಟಿಲಿನ ಪಕ್ಕದಲ್ಲಿ ಅವರು ನಿಲ್ಲಿಸಿದ ಕಲ್ಲಿದೆ. 'ಈ ಬಾವಿಯ ಒಂದು ಕಲ್ಲನ್ನಾದರೂ ಕಿತ್ತವರು ಕಾಶಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವರು' ಎಂದು ಅದರಲ್ಲಿ ಕೆತ್ತಿದೆ. ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವನು. ಊರಿನಲ್ಲಿ ಅದನ್ನು ಪೂರ್ತಿ ಓದಬಲ್ಲವರು ಮೂರು ಜನ. ಆದರೆ ಬಾಯಿಪಾಠ ಇಲ್ಲದವರು ಒಬ್ಬರೂ ಇಲ್ಲ.

ಆ ಬಾವಿ ನಮ್ಮನ್ನು ತಿನ್ನುತ್ತಿತ್ತು.

ಬೇಸಿಗೆ ಬಂದರೆ ಮನೆ ಬಿಟ್ಟು ಮನೆಗೆ ನಾರುಹುಣ್ಣು. ಮೊದಲು ಕಾಲಿನ ಮೇಲೆ ಒಂದು ಬೊಬ್ಬೆ. ಕೆಂಡ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ತುಂಡಾಯಿತೋ, ಕಾಲು ಕೀವುಗಟ್ಟಿತು. ನನ್ನ ಮಗಳು ಪುಟ್ಟಮಲ್ಲಮ್ಮನಿಗೆ ಹೋದ ವರ್ಷ ಹಾಗೇ ತುಂಡಾಯಿತು. ಹದಿನೇಳು ವರ್ಷದ ಹುಡುಗಿ. ಬಲಗಾಲು ಮಂಡಿಯಲ್ಲಿ ಮಡಿಸಿಕೊಂಡದ್ದು ನೆಟ್ಟಗಾಗಲಿಲ್ಲ. ಈ ಶಿವರಾತ್ರಿಗೆ ಎಡಗಾಲಿನಲ್ಲೂ ಬೊಬ್ಬೆ ಎದ್ದಿತು.

ಕಾಮಗೆರೆ ಆಸ್ಪತ್ರೆಯ ಡಾಕ್ಟರಮ್ಮ ಗಾಜಿನ ಲೋಟದಲ್ಲಿ ನಮ್ಮ ಬಾವಿ ನೀರು ಹಿಡಿದು ಬಿಸಿಲಿಗೆ ಒಡ್ಡಿ ತೋರಿಸಿದರು. ಸಾಸಿವೆಯ ಚೂರಿಗಿಂತ ಸಣ್ಣ ಸಣ್ಣ ಜೀವ ಕುಪ್ಪಳಿಸುತ್ತಿದ್ದವು. ಹುಣ್ಣಿನ ಕಾಲು ನೀರಿಗಿಳಿದರೆ ಹುಳ ಅಲ್ಲಿ ಮರಿ ಬಿಡುತ್ತದೆ, ಆ ಮರಿಗಳು ಈ ಜೀವಗಳ ಹೊಟ್ಟೆ ಸೇರುತ್ತವೆ, ಆ ನೀರು ಕುಡಿದವರಿಗೆ ವರ್ಷ ತಿರುಗಿದ ಮೇಲೆ ಹುಣ್ಣು ಏಳುತ್ತದೆ ಎಂದರು. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದರು. ಮನೆಯಲ್ಲಿ ಸೋಸಿದೆವು. ಹೊಲದಿಂದ ಬಂದು ಬೊಗಸೆಯಲ್ಲಿ ಕುಡಿಯುವವನು ಎಲ್ಲಿ ಸೋಸುತ್ತಾನೆ? ಕೊನೆಗೆ ಅವರೇ ಹೇಳಿದರು: ಮೆಟ್ಟಿಲು ಮುಚ್ಚಿ, ಸುತ್ತ ಗೋಡೆ ಎಬ್ಬಿಸಿ, ರಾಟೆ ಹಾಕಿ. ಕಾಲು ನೀರಿಗೆ ತಾಗಬಾರದು.

ಮುಚ್ಚುವುದು ಹೇಗೆ? ಕಲ್ಲು ಕೀಳಲು ಊರಿನ ಒಂದು ಕೈಯೂ ಏಳಲಿಲ್ಲ. ಶಾಪದ ಭಯ. ಬೇರೆ ಬಾವಿ ತೋಡೋಣವೆಂದರೆ ಐದಡಿಗೆ ಬಂಡೆ. ತಾಲೂಕು ಕಚೇರಿಗೆ ಬರೆದ ಅರ್ಜಿ ನಮ್ಮ ಜಿಲ್ಲಾ ಕಚೇರಿಯಿರುವ ಕೊಯಮತ್ತೂರಿಗೆ ಹೋಗಿ ಒಂದೂವರೆ ವರ್ಷದ ಮೇಲೆ ತಮಿಳಿನಲ್ಲಿ ವಾಪಸು ಬಂತು. ಓದಿಸಿದರೆ, ಬಾವಿ ಖಾಸಗಿ ಧರ್ಮದ್ದು, ಸರ್ಕಾರಕ್ಕೆ ಸಂಬಂಧವಿಲ್ಲ ಎಂದು ಬರೆದಿತ್ತು.

ಉಳಿದದ್ದು ದೊಡ್ಡ ಮನೆ. ಶಾಪ ಹಾಕಿದವರ ಮನೆಯದೇ ಅಪ್ಪಣೆ ಇದ್ದರೆ ಕಲ್ಲು ಕಿತ್ತರೂ ಶಾಪ ತಟ್ಟುವುದಿಲ್ಲ ಎಂದು ಊರು ನಂಬಿತ್ತು. ಅಜ್ಜನವರ ಹೆಸರಿನಲ್ಲಿ ಅವರದೊಂದು ಧರ್ಮನಿಧಿ ಇತ್ತು. ವರ್ಷಕ್ಕೆ ಒಂದು ಊರಿನ ಒಂದು ಕೆಲಸಕ್ಕೆ ಮಾತ್ರ ಹಣ. ಶಿವರಾತ್ರಿ ಕಳೆದ ಮೊದಲ ಸೋಮವಾರ, ಅಜ್ಜನವರ ಪುಣ್ಯದಿನ, ಅರ್ಜಿ ಕೇಳುತ್ತಿದ್ದರು. ಅದೇ ದಿನ ನಮ್ಮೂರಿನಿಂದ ಬಾವಿಯ ನೀರು ಒಂದು ಕೊಡ ಹೋಗಬೇಕು. ಅದು ಮೊದಲಿನಿಂದ ನಡೆದು ಬಂದ ಪದ್ಧತಿ. ಊರ ಯಜಮಾನ ಮಡಿಯಲ್ಲಿ ತುಂಬಿಸಿ, ಬಾಯಿಗೆ ಮುತ್ತುಗದ ಎಲೆ ಕಟ್ಟಿ ಮಣ್ಣು ಮೆತ್ತುತ್ತಾನೆ. ದಾರಿಯಲ್ಲಿ ಬಿಚ್ಚುವ ಹಾಗಿಲ್ಲ, ನೆಲಕ್ಕೆ ಇಡುವ ಹಾಗಿಲ್ಲ. ಆ ನೀರು ಅಜ್ಜನವರ ಗದ್ದುಗೆಗೆ ಅಭಿಷೇಕವಾಗಿ, ಮನೆಯವರೆಲ್ಲರಿಗೂ ತೀರ್ಥವಾಗುತ್ತದೆ.

ನಮ್ಮ ಯಜಮಾನ ಬಸವಣ್ಣ ಕೊಡ ನನ್ನ ಹೆಗಲಿಗೆ ಏರಿಸುವಾಗ ಹೇಳಿದ:

"ನೋಡ್ಲಾ ದೊಡ್ಡಮಾದಪ್ಪ, ಮುಚ್ಚಬೇಕು ಅಂತ ಬಾಯಿ ಬುಡಬೇಡ. ಮೆಟ್ಲು ರಿಪೇರಿ ಅಂತ ಅರ್ಜೀಲಿ ಬರ್ಸಿವ್ನಿ. ದುಡ್ಡೂ ಅಪ್ಪಣೆನೂ ಕೈಗ ಬರ್ಲಿ. ಆಮೇಲ ನೋಡ್ಕಳಮ."

"ನೀರು ಅಮೃತ ಅಂತ ಬ್ಯಾರೆ ಬರ್ಸಿದ್ದೀಯಲ್ಲೋ."

"ಪ್ರತಿ ವರ್ಸ ಅದ್ನೇ ಬರೀತೀವಿ. ಈ ವರ್ಸ ಯಾಕ ಬ್ಯಾಡ? ನಿನ್ ಸಿಟ್ನ ಅಲ್ಲಿ ಜಗಲಿ ಮ್ಯಾಲ ಬುಟ್ಟು ಒಳಕ್ಕ ಓಗು."

ಹುಳದ ನೀರು ಹೊತ್ತುಕೊಂಡು ಹತ್ತು ಮೈಲಿ ನಡೆದೆ. ಕೊಳ್ಳೇಗಾಲ ಸೇರುವ ಹೊತ್ತಿಗೆ ಹೆಗಲಿನ ಚರ್ಮ ಸುಲಿದಿತ್ತು.

ದೊಡ್ಡ ಮನೆಯ ಜಗಲಿಯ ಮೇಲೆ ಯಳಂದೂರು ಕಡೆಯ ಹನುಮಯ್ಯ ಮೇಷ್ಟರು ಕುಳಿತಿದ್ದರು. ಅವರ ಶಾಲೆಗೆ ಸೂರಿಲ್ಲ, ಅವರೂ ಅರ್ಜಿ ತಂದಿದ್ದರು. ಆ ಊರು ದೊಡ್ಡ ಮನೆಯ ಬೀಗರ ಊರು. ಕೊಡ ಹೆಗಲ ಮೇಲೆಯೇ ಇಟ್ಟುಕೊಂಡು ನಾನು ನಿಂತೆ.

"ನಿಮ್ದು ಮೈಸೂರು ಸೀಮೆ ಅಲ್ವಾ ಮೇಷ್ಟ್ರೇ? ಅಲ್ಲಿ ಮಾರಾಜರ ಕಾಲ್ದಿಂದ ಎಲ್ಲಾ ಅದಂತಲ್ಲ. ಈ ಗಡಿ ದಾಟ್ಕಂಡು ನಮ್ ತಟ್ಟೆಗ ಯಾಕ ಕೈ ಹಾಕ್ತೀರಿ?"

"ನಮ್ಮ ಹೈಕ್ಳು ಮಳೆ ಬಂದ್ರೆ ಆಡು ಕಟ್ಟೋ ಕೊಟ್ಗೇಲಿ ಕುಂತು ಮಗ್ಗಿ ಏಳ್ತವೆ ಕಣಪ್ಪ," ಎಂದರು ಅವರು. ಸಿಟ್ಟು ಮಾಡಿಕೊಳ್ಳಲಿಲ್ಲ. "ಆಡಿಗೂ ಈಗ ಏಳೊಂದ್ಲ ಏಳು ಬತ್ತದೆ."

ಒಳಗೆ ಕರೆದರು. ಧರ್ಮನಿಧಿಯ ಯಜಮಾನ ಸದಾಶಿವಪ್ಪನವರು ಚಾಪೆಯ ಮೇಲೆ ಕುಳಿತಿದ್ದರು. ಅವರ ತೀರಿಹೋದ ಅಣ್ಣನ ಹೆಂಡತಿ ಶಿವರತ್ನಮ್ಮನವರು ಬಾಗಿಲ ಹತ್ತಿರ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಮೂರು ವರ್ಷದ ಮಗು. ಗಿಲಕಿಯೊಂದನ್ನು ಕಚ್ಚುತ್ತಿತ್ತು. ಕೊಡದ ಮಣ್ಣು ಬಿಡಿಸಿದರು. ಅಲ್ಲೇ ಒಳಗಿದ್ದ ಅಜ್ಜನವರ ಗದ್ದುಗೆಗೆ ಅಭಿಷೇಕವಾಯಿತು.

ಸದಾಶಿವಪ್ಪನವರು ನಮ್ಮ ಅರ್ಜಿಯನ್ನು ಗಟ್ಟಿಯಾಗಿ ಓದಿದರು. 'ಅಮೃತಸಮಾನವಾದ ನೀರು' ಎಂಬಲ್ಲಿ ನಿಲ್ಲಿಸಿ ಕಣ್ಣೊರೆಸಿಕೊಂಡರು. ಅಜ್ಜನವರ ನೆನಪಾಗಿರಬೇಕು.

"ಮೇಷ್ಟ್ರೇ, ನಿಮ್ದು ಮುಂದಿನ ವರ್ಷ ನೋಡನ," ಎಂದರು. "ಅಜ್ಜನವರ ಬಾವಿಗೇ ಮೆಟ್ಲು ಸಡ್ಲಾಗವೆ ಅಂದ್ರೆ ನಾವು ಬ್ಯಾರೆ ಕಡೆ ಕೊಟ್ಟು ಏನು ಬಂತು? ದೊಡ್ಡಮಾದಪ್ಪ, ಈ ವರ್ಷದ ಪೂರಾ ಹಣ ನಿಮ್ಮೂರ್ಗೇ. ತೀರ್ಥ ತಕಂಡು ಕಾಗದ ಈಸ್ಕೊ. ಸಿಮೆಂಟು ನಮ್ಮ ಗಾಡೀಲೇ ಬತ್ತದೆ."

ಆಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಎಂಟು ದಿನದಲ್ಲಿ ಬಾವಿಯ ಮೆಟ್ಟಿಲು ಮುಚ್ಚುತ್ತಿತ್ತು. ಬೇಸಿಗೆ ಏರುವ ಮೊದಲೇ. ಪುಟ್ಟಮಲ್ಲಿಯ ತಂಗಿಯರು ಉಳಿಯುತ್ತಿದ್ದರು. ಊರು ಉಳಿಯುತ್ತಿತ್ತು.

ಸದಾಶಿವಪ್ಪನವರು ಬೆಳ್ಳಿಯ ಉದ್ಧರಣೆಯಲ್ಲಿ ನೀರು ತೆಗೆದರು. ಮನೆಯ ಕಿರಿಯರಿಗೆ ಮೊದಲು, ಅದು ಅವರ ಮನೆಯ ವಾಡಿಕೆ. ಮಗುವಿನ ಬಾಯಿಯ ಹತ್ತಿರ ತಂದರು. ಮಗು ಗಿಲಕಿ ಬಿಟ್ಟು ಬಾಯಿ ತೆರೆಯಿತು.

ನಾನು ಎದ್ದದ್ದೇ ನನಗೆ ಗೊತ್ತಿಲ್ಲ. ಉದ್ಧರಣೆಗೆ ಹೊಡೆದೆ. ಅದು ಹಾರಿ ಕಂಬಕ್ಕೆ ಬಡಿಯಿತು. ಕೊಡವನ್ನು ಒದ್ದೆ. ನೀರು ಗದ್ದುಗೆಯ ಮುಂದೆಲ್ಲ ಹರಿಯಿತು. ಮಗು ಕಿರುಚಿಕೊಂಡಿತು.

"ಕುಡಿಸಬ್ಯಾಡಿ ಬುದ್ದಿ! ಅದ್ರಲ್ಲಿ ನಾರುಹುಳ ಅದೆ! ಅಮೃತ ಅಂತ ಬರ್ದಿದ್ದು ಸುಳ್ಳು. ರಿಪೇರಿ ಅಂದಿದ್ದೂ ಸುಳ್ಳು. ಆ ಮೆಟ್ಲು ಮುಚ್ಚೋಕೆ ನಿಮ್ ದುಡ್ಡು ಕೇಳಾಕ ಬಂದೋನು ನಾನು. ನಿಮ್ಮ ಅಜ್ಜನ ಬಾವಿ ನಮ್ಮೂರ್ನೇ ಕುಂಟು ಮಾಡ್ಬುಡ್ತು!"

ಸದಾಶಿವಪ್ಪನವರ ಮುಖ ಬೂದಿಯಾಯಿತು.

"ಅರವತ್ತು ವರ್ಷದಿಂದ ಕುಡಿದ ನೀರು," ಎಂದರು. "ಆ ನೀರನ್ನ ಕಾಲಲ್ಲಿ ಒದ್ಯಲ್ಲೋ. ನೀನು ಮನ್ಸನಾ? ಎದ್ದು ಹೋಗು. ನಿಮ್ಮೂರ್ಗ ಈ ಮನೆಯಿಂದ ಇನ್ನು ಒಂದು ಹಿಡಿ ಮಣ್ಣೂ ಇಲ್ಲ. ಮೇಷ್ಟ್ರೇ, ಕಾಗ್ದಕ್ಕ ರುಜು ಹಾಕಿ."

ಶಿವರತ್ನಮ್ಮನವರು ಮಾತ್ರ ಮಗುವನ್ನು ಸಮಾಧಾನ ಮಾಡದೆ ನನ್ನನ್ನೇ ನೋಡುತ್ತಿದ್ದರು.

ಬೀದಿಯ ತಿರುವಿನಲ್ಲಿ ಹನುಮಯ್ಯ ಮೇಷ್ಟರು ಓಡಿ ಬಂದು ನನ್ನನ್ನು ಹಿಡಿದರು. ಕೈಯಲ್ಲಿ ಕಾಗದವಿತ್ತು. ತಮ್ಮ ಬುತ್ತಿಯ ಗಂಟು ನನ್ನ ಕೈಗೆ ತುರುಕಿ ಹೋದರು. ನಾನು ಅದನ್ನು ಚರಂಡಿಗೆ ಎಸೆದೆ. ಹಾಗೆ ಮಾಡಬಾರದಿತ್ತು.

ಸುದ್ದಿ ನನಗಿಂತ ಮುಂಚೆ ಊರು ಸೇರಿತ್ತು. ಬಸವಣ್ಣ ಚಾವಡಿಯಲ್ಲಿ ನಿಂತಿದ್ದ.

"ಅವ್ರ ಮಗೀಗ ಉಳ ಬಂದ್ರೆ ಅವ್ರ ದುಡ್ಡದೆ, ಡಾಕ್ಟರು ಮನೇಗ ಬತ್ತಾರೆ. ನಮ್ಮ ಮಕ್ಳಿಗ ಯಾರವ್ರ? ಒಂದು ಚಮಚ ನೀರು ಕಣ್ಲಾ! ಒಂದು ಚಮಚಕ್ಕ ಊರ್ನೇ ಮಾರ್ಬುಟ್ಟಲ್ಲೋ!"

ಅವನನ್ನು ದಾಟಿ ನಡೆದೆ.

ಮನೆಗೆ ಹೋದರೆ ಪುಟ್ಟಮಲ್ಲಿ ಗೋಡೆಗೆ ಒರಗಿ ಎಡಗಾಲಿನ ಕಡ್ಡಿ ತಿರುಗಿಸುತ್ತಿದ್ದಳು. ಹಲ್ಲು ಕಚ್ಚಿಕೊಂಡಿದ್ದಳು. "ಕೊಟ್ರಾ ಅಪ್ಪ?" ಎಂದಳು. ನಾನು ಹಾರೆ ಎತ್ತಿಕೊಂಡು ಬಾವಿಗೆ ಹೋದೆ.

ಮೇಲಿನ ಮೆಟ್ಟಿಲಿಗೆ ಹಾರೆ ತಗುಲಿಸುವುದರೊಳಗೆ ಊರಿನ ಹೆಂಗಸರೆಲ್ಲ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರಲ್ಲಿ ಕಾಲಿಗೆ ಚಿಂದಿ ಸುತ್ತಿಕೊಂಡವರೂ ಇದ್ದರು. "ಶಾಪ ನಿನ್ಗೊಬ್ನಿಗೇ ತಟ್ತದಾ? ಊರ್ಗ ತಟ್ತದೆ. ನಮ್ಮ ತಲೆ ಮ್ಯಾಲ ಆರೆ ಆಕ್ಬುಟ್ಟು ಆಮೇಲ ಕಲ್ಲು ಕೀಳು," ಎಂದು ಮುದುಕಿ ಕೆಂಪಾಜಮ್ಮ ಎದೆ ಬಡಿದುಕೊಂಡಳು. ಅವಳ ಇಬ್ಬರು ಸೊಸೆಯರೂ ಹುಣ್ಣಿನಿಂದ ಹಾಸಿಗೆ ಹಿಡಿದಿದ್ದರು. ಯಾರನ್ನು ಹೊಡೆಯಲಿ? ಹಾರೆ ಹೊತ್ತುಕೊಂಡು ವಾಪಸು ಬಂದೆ.

ಒಂಬತ್ತು ದಿನ ಹಾಗೇ ಹೋಯಿತು. ನೀರು ಇನ್ನೊಂದು ಮೆಟ್ಟಿಲು ಇಳಿಯಿತು. ಇಳಿದಷ್ಟೂ ಕಾಲುಗಳು ಒಳಕ್ಕೆ ಹೋದವು. ದಿನಾ ಬೆಳಿಗ್ಗೆ ಬಾವಿಯ ಹತ್ತಿರ ನಿಂತು, ಹುಣ್ಣಿದ್ದವರು ಇಳಿಯಬೇಡಿ ಎಂದು ಕೂಗುತ್ತಿದ್ದೆ. ನೀರು ನೀನು ತಂದುಕೊಡುತ್ತೀಯಾ ಎಂದು ಕೇಳುತ್ತಿದ್ದರು. ಕೆಲವರಿಗೆ ತಂದುಕೊಟ್ಟೆ. ಎಷ್ಟು ಮನೆಗೆ ತಂದುಕೊಡಲಿ?

ಹತ್ತನೆಯ ದಿನ ಹೊತ್ತು ನೆತ್ತಿಗೆ ಬಂದಾಗ ಕಮಾನು ಗಾಡಿಯೊಂದು ಬಂದು ಬಾವಿಯ ಮುಂದೆ ನಿಂತಿತು. ಶಿವರತ್ನಮ್ಮನವರು ಇಳಿದರು. ಗಾಡಿಯವನ ಹೆಗಲು ಹಿಡಿದು ಕುಂಟುತ್ತಾ ಬಂದರು. ಊರು ಸುತ್ತ ನೆರೆಯಿತು.

ಅವರು ನನ್ನನ್ನು ಹತ್ತಿರ ಕರೆದು, ಸೀರೆಯ ಅಂಚನ್ನು ನಾಲ್ಕು ಬೆರಳು ಎತ್ತಿದರು. ಹಿಮ್ಮಡಿಯ ಮೇಲೆ ರೇಷ್ಮೆಯ ಚೂರು ಕಟ್ಟಿತ್ತು. ಅದರಡಿಯಲ್ಲಿ ಒಂದು ಕಡ್ಡಿ.

"ಮೂರನೇ ವರ್ಷ ಇದು," ಎಂದರು. "ಸರ್ಪದೋಷ ಅಂದ್ರು. ಹುತ್ತಕ್ಕೆ ಹಾಲೆರೆದ್ವಿ, ನಾಗರಕಲ್ಲು ನಿಲ್ಸಿದ್ವಿ. ಹೊರಗೆ ಗೊತ್ತಾದ್ರೆ ಮನೆ ಮರ್ಯಾದೆ ಅಂತ ಬಾಯಿ ಮುಚ್ಕಂಡಿದ್ದೆ. ಆವತ್ತು ನೀನು ಕೂಗಿದ ಮೇಲೆ ಕಾಮಗೆರೆ ಡಾಕ್ಟರಮ್ಮನ ಹತ್ರ ಹೋದೆ. ಈ ಬಾವಿ ನೀರಿನ ಹುಳಾನೇ ಅಂದ್ರು."

"ಹಂಗಾರ ಸದಾಶಿವಪ್ಪನೋರು...?"

"ಅವನು ಬರೋದಿಲ್ಲ. ಹಣಾನೂ ಬರೋದಿಲ್ಲ. ಧರ್ಮನಿಧೀಲಿ ಹೆಂಗಸ್ರ ಮಾತು ನಡೆಯಲ್ಲ. ಹಾರೆ ಎಲ್ಲಿ?"

ಕೊಟ್ಟೆ. ಅವರು ಶಾಪದ ಕಲ್ಲಿನ ಮುಂದೆ ನಿಂತು ಕೈಮುಗಿದರು. ಆಮೇಲೆ ಊರಿನ ಕಡೆ ತಿರುಗಿದರು.

"ಈ ಶಾಪ ಹಾಕಿದೋರ ಮನೆ ಸೊಸೆ ನಾನು. ಅವರ ಅನ್ನ ತಿಂದಿದ್ದೀನಿ, ಅವರ ನೀರು ಕುಡಿದಿದ್ದೀನಿ. ಮೊದಲ ಕಲ್ಲಿನ ಪಾಪ ನನ್ನ ಪಾಲಿಗೆ."

ಹಾರೆ ಅವರ ಕೈಯಲ್ಲಿ ನಿಲ್ಲಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಮೇಲಿನ ಮೆಟ್ಟಿಲು ಅಲುಗಿತು, ಮಗ್ಗುಲಾಯಿತು. ಕೆಂಪಾಜಮ್ಮ ಕಣ್ಣು ಮುಚ್ಚಿಕೊಂಡು, ಬೆಟ್ಟದ ದೇವರನ್ನು ಕರೆದು, ಮಾದಪ್ಪಾ ಮಾದಪ್ಪಾ ಎನ್ನುತ್ತಿದ್ದಳು. ಶಿವರತ್ನಮ್ಮನವರು ಹಾರೆಯನ್ನು ನನಗೆ ಕೊಟ್ಟು ಗಾಡಿ ಹತ್ತಿದರು. ಇನ್ನು ಆ ಮನೆಯಲ್ಲಿ ಅವರ ಗತಿ ಏನೋ.

ಎರಡನೆಯ ಕಲ್ಲು ನಾನು ಕಿತ್ತೆ. ಮೂರನೆಯದೂ ನಾನೇ. ನಾಲ್ಕನೆಯದಕ್ಕೆ ಬಸವಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಇಳಿದ. "ಸಿಮೆಂಟಿಲ್ದೆ ಗೋಡೆ ನಿಲ್ತದೇನ್ಲಾ?" ಎಂದ.

"ಮೊದಲ ಮಳೆಗೇ ಬೀಳ್ತದೆ," ಎಂದೆ.

"ಆಮೇಲ?"

"ಆಮೇಲ ತಿರ್ಗಾ ಕಟ್ಟಮ."

ಕಿತ್ತ ಕಲ್ಲುಗಳನ್ನೇ ಕೆಸರು ಮಣ್ಣಿನಲ್ಲಿ ಪೇರಿಸಿ ಸೊಂಟದೆತ್ತರ ಗೋಡೆ ಎಬ್ಬಿಸಿದೆವು. ಹುಣಸೆಯ ಕವೆಗೆ ಮರದ ರಾಟೆ ಕಟ್ಟಿದೆವು. ಮುಗಿಯಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನವೂ, ಕಿತ್ತ ಮೆಟ್ಟಿಲುಗಳ ಸಂದಿಯಲ್ಲಿ ಜನ ಇಳಿದು ಅದೇ ನೀರು ಕುಡಿದಿದ್ದರು. ನನ್ನ ಚಿಕ್ಕ ಮಗಳೂ ಕುಡಿದಿದ್ದಳು. ಒಳಗೆ ಏನು ಸೇರಿದೆ ಎಂಬುದು ಮುಂದಿನ ಶಿವರಾತ್ರಿಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ದಿನ ರಾಟೆಗೆ ಹಗ್ಗ ಹಾಕಿದಾಗ ಪುಟ್ಟಮಲ್ಲಿಯನ್ನು ಎತ್ತಿಕೊಂಡು ಬಂದು ಗೋಡೆಯ ಪಕ್ಕ ಕೂರಿಸಿದೆ. ಅವಳು ಕುಳಿತಲ್ಲಿಂದಲೇ ಹಗ್ಗ ಜಗ್ಗಿದಳು. ಬಿಂದಿಗೆ ಅರ್ಧ ಚೆಲ್ಲಿಕೊಂಡು ಮೇಲೆ ಬಂತು.

"ಸೋಸಿ ಕುಡಿ," ಎಂದೆ.