ಕುತ್ತಿಗೆಯ ಮೇಲಿನ ಕೆಂಪು ಗೆರೆ

ಟಿಣ್.

ಸರಿರಾತ್ರಿಯ ಷೆಡ್ಡಿನಲ್ಲಿ ನಾನು ಕೇಳಿದ ಮೊದಲ ಸದ್ದು ಅದು. ಕಾದ ಬೆಸುಗೆ ತಣ್ಣಗಾಗುವಾಗ ಹಾಗೆ ಸಣ್ಣಗೆ ಮಿಡಿಯುತ್ತದೆ. ಅದು ನನ್ನ ಮೈಯಿಂದಲೇ ಬಂದದ್ದು ಎಂದು ತಿಳಿದಾಗ, ನಾನು ಹುಟ್ಟಿದ್ದೇನೆ ಎಂಬುದೂ ತಿಳಿಯಿತು.

ನಾನು ಒಂದು ಟ್ರೈಲರ್. ನನಗೆ ಎಂಜಿನ್ ಇಲ್ಲ, ಮುಂದಿನ ಚಕ್ರಗಳೂ ಇಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಹಿಂದೆ ಚಕ್ರಗಳು, ಮುಂದೆ ಮೇಲಕ್ಕೆ ಎದ್ದ ಕುತ್ತಿಗೆ. ಕುತ್ತಿಗೆಯ ಅಡಿಯಲ್ಲೊಂದು ದಪ್ಪ ಪಿನ್ನು. ಲಾರಿಯ ಬೆನ್ನ ಮೇಲೆ ಒಂದು ದುಂಡನೆಯ ತಟ್ಟೆ ಇರುತ್ತದೆ, ಡ್ರೈವರುಗಳು ಅದನ್ನು ಫಿಫ್ತ್ ವೀಲ್ ಎನ್ನುತ್ತಾರೆ. ಅದರ ಬಾಯಿಗೆ ನನ್ನ ಪಿನ್ನು ಕೂತರೆ ನಾನು ಹೊರಟೆ.

ಬಳುಕುವುದು ನನ್ನ ಸ್ವಭಾವ. ಗುಂಡಿ ಬಂದಾಗ ಬಳುಕುತ್ತೇನೆ, ದಾಟಿದ ಮೇಲೆ ನೆಟ್ಟಗಾಗುತ್ತೇನೆ. ಆದರೆ ತೊಲೆ ಕುತ್ತಿಗೆಗೆ ತಿರುಗುವ ಜಾಗವೊಂದಿದೆಯಲ್ಲ, ಎಲ್ಲ ಭಾರವೂ ಅಲ್ಲಿಗೇ ಬಂದು ಕೂಡುತ್ತದೆ. ಅಲ್ಲೇ ಮತ್ತೆ ಮತ್ತೆ ಮಿತಿಮೀರಿ ಬಳುಕಿದರೆ ಉಕ್ಕಿಗೂ ದಣಿವಾಗುತ್ತದೆ.

ನನ್ನ ಮೊದಲ ಧಣಿಯ ಮುಖವನ್ನು ನಾನು ಕಾಣಲೇ ಇಲ್ಲ. ಕಂಡದ್ದು ಬೂಟುಗಳನ್ನು ಮಾತ್ರ. ಉಕ್ಕಿನ ತಗಡಿನ ಭಾರೀ ಸುರುಳಿಗಳನ್ನು ಹೊರಿಸಿ ಬಂದರಿಗೆ ಅಟ್ಟುತ್ತಿದ್ದರು. ಒಂದು ದಿನ ಬಲಗಡೆ ಬಿರುಕು ಬಿಟ್ಟಿತು. ಹೊರೆಯನ್ನೂ ಇಳಿಸದೆ, ದಾರಿಬದಿಯಲ್ಲೇ ಒಂದು ಚೌಕ ಪಟ್ಟಿ ಬೆಸೆದು, ಮೇಲೆ ಬಣ್ಣ ಬಳಿದರು. ಬಣ್ಣ ಆರುವ ಮೊದಲೇ ನನ್ನನ್ನು ಮಾರಿಯೂ ಬಿಟ್ಟರು.

ಕೊಂಡವನು ಹೊಸಪೇಟೆಯ ಪಂಪಾಪತಿ. ಅವನು ನನ್ನ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಒದ್ದು, ಸರಿ ಎಂದ. ಅವನ ಹೆಂಡತಿ ಗಾಳೆಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಾರ್ಚು ಹಿಡಿದು ನನ್ನ ಅಡಿಗೆ ತೂರಿದಳು. ಹಾಗೆ ನನ್ನ ಅಡಿಗೆ ಬಂದ ಮೊದಲ ಧಣಿ ಅವಳೇ. ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ನನ್ನನ್ನು ಗೇಣು ಗೇಣಾಗಿ ನೋಡಿದಳು. ಮೊದಲ ಲೋಡು ಹೇರಿದ ದಿನ ಮತ್ತೆ ತೂರಿದಳು.

"ಬಂದ್ಲಪ್ಪಾ ನಮ್ಮ ಆರ್‌ಟಿಓ ಮೇಡಂ," ಎಂದ ಪಂಪಾಪತಿ. "ಏನ್ ಕೇಸ್ ಹಾಕ್ತೀ?"

"ನಗಬ್ಯಾಡ. ಲೋಡ್ ಹಾಕಿದಾಗ ಇದು ಟಿಕ್ ಅಂತೈತಿ."

"ಕಬ್ಬಿಣಕ್ಕ ಬಾಯಿ ಇರ್ತೈತೇನ?"

"ನಿನಗ ಕಿವಿ ಇಲ್ಲ, ಅಷ್ಟ."

ಅವಳ ಕಾಟ ತಾಳಲಾರದೆ ಅವನು ನನ್ನನ್ನು ಬೈಪಾಸಿನ ವೆಲ್ಡಿಂಗ್ ಷಾಪಿಗೆ ಎಳೆದೊಯ್ದ. ಅಲ್ಲಿನ ಖಾಜಾವಲಿ ಮೊದಲು ಕುತ್ತಿಗೆಯಿಂದ ಬಾಲದವರೆಗೆ ದಾರ ಬಿಗಿದು, ನಾನು ಎಲ್ಲಿ ಜಗ್ಗಿದ್ದೇನೆ ಎಂದು ನೋಡಿದ. ಬಲಗಡೆಯ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿದ. ಬೀಡಿ ಮುಗಿಯುವುದರೊಳಗೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಒಳಗೆ ಇಳಿದಿದ್ದ ಸೀಮೆಎಣ್ಣೆ ಬಿರುಕಿನ ದಾರಿಯಲ್ಲೇ ಹೊರಗೆ ಬಂದಿತ್ತು. ಬಿರುಕು ಹಳೆಯ ಪಟ್ಟಿಯ ಅಂಚಿನಿಂದಲೇ ಶುರುವಾಗಿತ್ತು.

"ಬಿರುಕು ಮುಚ್ಯಾರ, ಬಳುಕನ್ನ ಪಕ್ಕಕ್ಕ ತಳ್ಯಾರ," ಎಂದ ಖಾಜಾವಲಿ.

ಅವನು ಜಾಕುಗಳ ಮೇಲೆ ನನ್ನನ್ನು ಸಮ ಮಾಡಿ ನಿಲ್ಲಿಸಿದ. ಹಳೆಯ ಪಟ್ಟಿ ಕಿತ್ತ. ಬಿರುಕಿನ ತುದಿಯಲ್ಲೊಂದು ತೂತು ಕೊರೆದು, "ಇಲ್ಲಿಗೆ ನಿಲ್ಲು ಅಂತ ಅದಕ್ಕ ಹಿಂಗ ಹೇಳಬೇಕು," ಎಂದ. ಬಿರುಕನ್ನು ಬುಡದವರೆಗೆ ಅಗಲಿಸಿ, ಬೆಸೆದು, ತುದಿ ಚೂಪಾದ ಉದ್ದ ಪಟ್ಟಿ ಹೊದಿಸಿದ. ಬಹಳ ಕಾಲದ ಮೇಲೆ ನನಗೆ ನೋವಿಲ್ಲದಂತಾಯಿತು.

"ಅಕ್ಕಾ," ಎಂದು ಅವನು ಗಾಳೆಮ್ಮನನ್ನು ಕರೆದ. "ಬಲಗಡೆ ನನ್ನ ಜವಾಬ್ದಾರಿ. ಎಡಗಡೆಗೆ ಇನ್ನೂ ಏನೂ ಆಗಿಲ್ಲ, ಆದ್ರ ಅದೂ ಅಷ್ಟ ದಣಿದೈತಿ. ಬಣ್ಣದ ಮ್ಯಾಲ ಕೆಂಪನ್ನ ತುಕ್ಕಿನ ಗೆರಿ ಕಂಡ್ರ ಒಳಗ ಬಿರುಕು ಐತಿ ಅಂತ ತಿಳಿ. ಅವತ್ತು ಗಾಡಿ ಹೊರಡಬಾರದು. ಅಣ್ಣನ ಬೆನ್ನ ಹಿಂದ ಅಷ್ಟು ಉಕ್ಕು ಇರ್ತೈತಿ, ನೆನಪಿರಲಿ."

ಅವಳು ಮರೆಯಲಿಲ್ಲ. ಪ್ರತಿ ಪಯಣಕ್ಕೂ ಮೊದಲು ಟಾರ್ಚು ಹಿಡಿದು ಬರುತ್ತಿದ್ದಳು. ನೋಡಿ ಮುಗಿಸಿ ನನ್ನ ತೊಲೆಯನ್ನು ಬಳೆಗಳಿಂದ ಬಡಿದರೆ ಮಾತ್ರ ಪಂಪಾಪತಿ ಎಂಜಿನ್ ಚಾಲೂ ಮಾಡುತ್ತಿದ್ದ. "ಮೇಡಂ ಪಾಸ್ ಮಾಡಿದ್ರು," ಎಂದು ಕೂಗಿ ಹೊರಡುತ್ತಿದ್ದ. ಭಯವನ್ನು ಆ ಮನೆಯಲ್ಲಿ ಅವಳೊಬ್ಬಳೇ ಹೊತ್ತಿದ್ದಳು. ಅವನು ಅದನ್ನು ಅವಳಿಗೇ ಬಿಟ್ಟುಕೊಟ್ಟು ನಿಶ್ಚಿಂತನಾಗಿದ್ದ.

ಆಯುಧಪೂಜೆ ಬಂತು. ಅವನು ನನಗೆ ಹೊಸ ಬಣ್ಣ ಬಳಿದ. ಅವಳು ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಕಲಸಿ, ಕುತ್ತಿಗೆಯ ಎರಡೂ ಕಡೆ ಅಂಗೈ ತುಂಬ ಬಳಿದಳು. ನೀರು ಹೆಚ್ಚಾಗಿತ್ತು, ಕುಂಕುಮ ಗೆರೆಗೆರೆಯಾಗಿ ಇಳಿಯಿತು. ಎಡಗಡೆಯಲ್ಲಿ, ಬಣ್ಣದ ಅಡಿಯಲ್ಲಿ, ನನ್ನೊಳಗೊಂದು ಬಿರುಕಿನ ಎಳೆ ಆಗಷ್ಟೇ ಬಿಚ್ಚಿಕೊಂಡಿತ್ತು. ತಣ್ಣನೆಯ ಕುಂಕುಮದ ನೀರು ಅದರೊಳಗೆ ಇಳಿದದ್ದು ನನಗೆ ತಿಳಿಯಿತು.

ಒಂದೆರಡು ಪಯಣಗಳಾದವು. ಮಳೆಯೂ ಬಂದು ಹೋಯಿತು. ಬಲಗಡೆಯ ಕೆಂಪು ಮಾಸಿತು. ಎಡಗಡೆಯದು ಒಂದು ಗೆರೆಯಾಗಿ ಉಳಿಯಿತು.

ಮತ್ತೆ ಸುರುಳಿ ಹೇರಿಕೊಂಡು ಹೊರಡುವ ದಿನ ಪಂಪಾಪತಿಯ ಕಣ್ಣಿಗೇ ಅದು ಬಿತ್ತು. "ಇದೇನ ಇಲ್ಲಿ ಕೆಂಪಗ?" ಎಂದು ಒರೆಸಲು ಬಟ್ಟೆ ಎತ್ತಿದ.

ಗಾಳೆಮ್ಮ ಅವನ ಕೈ ಹಿಡಿದಳು. "ಬ್ಯಾಡ! ಪೂಜಿ ಕುಂಕುಮ ಅದು. ಮುತ್ತೈದಿ ಹಚ್ಚಿದ್ದನ್ನ ಗಂಡನ ಕೈಯಾಗ ಒರಸ್ತಾರೇನು? ತಾನಾಗೇ ಹೋಗ್ಲಿ."

"ಆತು ಮಾರಾಯ್ತಿ," ಎಂದು ನಕ್ಕ. "ನಿನ್ನ ಕುಂಕುಮದ ತಂಟಿಗೆ ನಾ ಬರಂಗಿಲ್ಲ."

ಅವಳು ಬಳೆಯಿಂದ ನನ್ನನ್ನು ಬಡಿದಳು. ನಾನು ಕೂಗಲಾರೆ. ಟಿಕ್ ಎನ್ನಬಲ್ಲೆ, ಅಷ್ಟೇ. ಅಂದೆ ಕೂಡ. ಆಗಲೇ ಅವನು ಎಂಜಿನ್ ಚಾಲೂ ಮಾಡಿದ್ದ.

ಘಟ್ಟದ ಇಳಿಜಾರಿನಲ್ಲಿ, ಒಂದು ತಿರುವಿಗೆ ಅವನು ಬ್ರೇಕು ಒತ್ತಿದಾಗ ಎಡ ತೊಲೆ ಮುರಿಯಿತು. ಒಂಟಿಯಾದ ಬಲ ತೊಲೆಯೂ ಹರಿಯಿತು. ಸರಪಳಿ ಕಿತ್ತ ಸುರುಳಿ ಮುಂದಕ್ಕೆ ಉರುಳಿತು. ಅವನು ಕೂತಿದ್ದ ಕಡೆಗೆ.

ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಈಗ ನಾನು ಖಾಜಾವಲಿಯ ಅಂಗಳದ ಮೂಲೆಯಲ್ಲಿ ಎರಡು ತುಂಡಾಗಿ ಬಿದ್ದಿದ್ದೇನೆ. ಟೈರುಗಳು ಹೋಗಿವೆ. ಜಾಲಿ ಗಿಡವೊಂದು ನನ್ನ ಪಕ್ಕೆಯೊಳಗಿನಿಂದ ಎದ್ದಿದೆ. ಗುಜರಿಯವರು ಬಂದು ನನ್ನನ್ನು ಕೊಯ್ಯುವವರೆಗೆ ನನಗೆ ಕೆಲಸವಿಲ್ಲ. ಎರಡೇ ದಿನಗಳನ್ನು ನೆನೆಯುತ್ತಿರುತ್ತೇನೆ.

ನನ್ನನ್ನು ಇಲ್ಲಿಗೆ ತಂದ ದಿನ ಖಾಜಾವಲಿ ಮುರಿದ ಕುತ್ತಿಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಬಲಗಡೆ ಅವನ ಬೆಸುಗೆ ಹಾಗೇ ಇತ್ತು, ಹರಿದದ್ದು ಅದರಾಚೆಯ ಉಕ್ಕು. ಎಡಗಡೆಯ ಮುರಿತ ಅರ್ಧ ಬೆಳ್ಳಿಯಂತೆ ಹೊಳೆಯುತ್ತಿತ್ತು, ಅರ್ಧ ತುಕ್ಕು ಹಿಡಿದು ಕಂದಾಗಿತ್ತು. ಕಂದಾದದ್ದು ಹಳೆಯ ಬಿರುಕು. ಅವನು ಅಲ್ಲಿ ಉಗುರು ಆಡಿಸಿದ. ಉಗುರಿಗೆ ಬಂದದ್ದು ತುಕ್ಕೊಂದೇ ಅಲ್ಲ. ಮೂಸಿ ನೋಡಿದ: ಕುಂಕುಮ. ಕಣ್ಣು ಮುಚ್ಚಿಕೊಂಡ.

ಗಾಳೆಮ್ಮ ಬಂದದ್ದು ಕೆಲವು ದಿನಗಳ ಮೇಲೆ. ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಟಾರ್ಚು ಮಾತ್ರ ಇತ್ತು.

"ಖಾಜಣ್ಣ, ಖರೇ ಹೇಳು. ಪ್ರತಿ ಸಲ ನಾನ ನೋಡ್ತಿದ್ದೆ. ನನ್ನ ಕಣ್ಣು ತಪ್ಪಿಸಿದ್ದು ಏನಾರ ಇತ್ತೇನು?"

ಅವನು ಎದ್ದು, ಎಡ ತೊಲೆಗೂ ಅವಳಿಗೂ ನಡುವೆ ನಿಂತ.

"ಇಲ್ಲಕ್ಕಾ. ಬಲಗಡೆ ನನ್ನ ಬೆಸುಗಿ ಬಿಡ್ತು. ಎಡಗಡೇದು ಆ ಏಟಿಗೆ ಮುರೀತು. ತಪ್ಪು ನಂದು."

ಅವಳು ಅವನ ಕೈಗಳನ್ನೇ ನೋಡುತ್ತಾ ನಿಂತಳು. "ಅವ್ರು ಈ ಕೈ ನಂಬಿದ್ರು," ಎಂದಳು. ಬೈಯಲಿಲ್ಲ. ಟಾರ್ಚನ್ನು ನನ್ನ ತೊಲೆಯ ಮೇಲಿಟ್ಟು ಹೊರಟುಹೋದಳು.

ಆ ಮಾತು ಸಂಜೆಯೊಳಗೆ ಬೈಪಾಸಿನ ಉದ್ದಕ್ಕೂ ಹರಡುತ್ತದೆ, ಇನ್ನು ಮೇಲೆ ಗಾಡಿಯವರು ಈ ಷಾಪು ದಾಟಿ ಮುಂದೆ ಹೋಗುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವನು ತಂತಿಯ ಬ್ರಷ್ ತಂದ. ಎಡಗಡೆಯ ಮುರಿತವನ್ನು, ಕೆಂಪೆಲ್ಲ ಹೋಗುವ ತನಕ ಉಜ್ಜಿದ. ಒಳಗಿನಿಂದ ಹೆಂಡತಿ, "ಏನ್ರೀ ಅದು, ಇಷ್ಟೊತ್ತು?" ಎಂದು ಕೂಗಿದಳು.

"ಏನಿಲ್ಲ, ತುಕ್ಕು," ಎಂದ.

ಆಮೇಲೆ ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ: "ಯಾರಿಗೂ ಹೇಳಂಗಿಲ್ಲ ನಾನು. ಒಳಗಿರೋಳಿಗೂ ಇಲ್ಲ."