ಪಟ್ಟಿಯಲ್ಲಿ ಮೂರನೆಯದು

ಹೊದಿಕೆ ಮಡಿಸುವಾಗ ದಿಂಬಿನಡಿ ತಂಗಿಯ ನೋಟ್‌ಬುಕ್ಕು ಸಿಕ್ಕಿತು. ಶಶಿರೇಖಾ ಬಾಗಿಲ ಕಡೆಗೊಮ್ಮೆ ನೋಡಿ ತೆರೆದಳು. ವೀಣಳ ದುಂಡು ಅಕ್ಷರದಲ್ಲಿ ‘ಬಸ್ಸಿನಲ್ಲಿ ಒಂದೊಂದಾಗಿ ಬಿಡಬೇಕಾದವು’ ಎಂದಿತ್ತು. ಕೆಳಗೆ ಮೂರು ಸಾಲು. ನಿಂಬೆಹಣ್ಣು. ನೀರಿನ ಬಾಟಲಿ. ಅಕ್ಕ.

ಪುಸ್ತಕವನ್ನು ಇದ್ದಲ್ಲೇ ಇಟ್ಟಳು.

ಅವ್ವ ಹೋದಾಗ ವೀಣಳಿಗೆ ಒಂಬತ್ತು ವರ್ಷ, ಶಶಿರೇಖಾಳಿಗೆ ಹತ್ತೊಂಬತ್ತು. ಅಂದಿನಿಂದ ತಲೆ ಬಾಚಿದವಳು, ಉಣ್ಣಿಸಿದವಳು ಇವಳೇ. ಎರಡು ವರ್ಷದ ಹಿಂದೆ ಮಂಡ್ಯದ ಬಸ್ಸಿನಲ್ಲಿ ವೀಣಳಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಬೆರಳು ಜೋಮು ಹಿಡಿದು, ಸತ್ತೇಹೋಗುತ್ತೇನೆ ಅನ್ನಿಸಿತ್ತು. ಇಸಿಜಿಯಲ್ಲಿ ಏನೂ ಇರಲಿಲ್ಲ. ಆದರೂ ಬಸ್ಸೆಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಹಾಗಾಗಿ ಊರು ಕೊತ್ತತ್ತಿಯಿಂದ ಮಂಡ್ಯದ ಕಾಲೇಜಿಗೆ ದಿನವೂ ಶಶಿರೇಖಾ ಜೊತೆಗೆ ಹೊರಟಳು. ಕಿಟಕಿಯ ಪಕ್ಕ ತಂಗಿ, ಈಚೆಗೆ ಇವಳು, ಕೈಯೊಳಗೆ ಕೈ, ಮೂಸಲು ಒಂದು ನಿಂಬೆಹಣ್ಣು. ಸಂಜೆಯವರೆಗೂ ಕಾಲೇಜಿನ ಬೇವಿನ ಮರದ ಕೆಳಗೆ ಕಾಯುತ್ತಿದ್ದಳು. ಬಂದ ಎರಡು ಸಂಬಂಧಗಳನ್ನೂ ‘ಇವಳನ್ನ ಬುಟ್ಟು ಎಂಗೆ ಓಗ್ಲಿ’ ಎಂದು ತಳ್ಳಿಹಾಕಿದ್ದಳು.

ಆಮೇಲೆ ಡಾಕ್ಟರು ಆಪ್ತಸಮಾಲೋಚನೆಗೆ ಬರೆದುಕೊಟ್ಟರು. ಪ್ರತಿ ಗುರುವಾರ ಮಂಡ್ಯದಲ್ಲಿ ಜಾಕಿಯಾ ಮೇಡಂ ಜೊತೆ ಒಂದು ಗಂಟೆ. ಒಳಗೆ ಅವರಿಬ್ಬರು, ಹೊರಗೆ ಬೆಂಚಿನ ಮೇಲೆ ಇವಳು. ಒಂದು ಗುರುವಾರ ಒಳಗಿನಿಂದ ವೀಣಳ ನಗು ಕೇಳಿಸಿತು. ಎರಡು ವರ್ಷದಿಂದ ಆ ನಗುವಿಗಾಗಿ ಇವಳು ಮಾಡದ ಕೋಡಂಗಿತನವಿರಲಿಲ್ಲ. ಯಾರೋ ಬಂದು ನಗಿಸಿಬಿಟ್ಟರು. ಅವತ್ತು ಶಶಿರೇಖಾಳಿಗೆ ಅನ್ನ ಸೇರಲಿಲ್ಲ.

“ಏನ್ ಮಾತಾಡ್ತೀರೇ ಅಷ್ಟೊತ್ತು?”

“ಎದ್ರಿಕೆ ಬಂದ್ರೆ ಓಡ್ಬಾರ್ದಂತೆ ಕಣಕ್ಕ. ಏರ್ತದೆ, ಬುಟ್ರೆ ತಾನೇ ಇಳೀತದೆ. ನಾನು ದಿನಾ ನಿನ್ ಕೈ ಇಡ್ಕತೀನಲ್ಲ, ಅದ್ಕೇ ನನ್ ತಲೆ, ಅಕ್ಕ ಇದ್ದಿದ್ಕೇ ಬದುಕ್ದೆ ಅನ್ಕಂಡ್ಬುಟ್ಟದೆ.”

“ಅಂಗಂದ್ರೆ ನಾನೇ ನಿನ್ ಕಾಯ್ಲೆನಾ?”

“ಅಯ್ಯೋ, ಅಂಗಲ್ಲಕ್ಕ!”

“ಎರಡು ವರ್ಸ ಮರದಡಿ ಕಾದೋಳು ನಾನು. ಫ್ಯಾನ್ ಕೆಳಗೆ ಕುಂತು ಮಾತಾಡೋಳ್ಗೆ ಎಸ್ರು!”

ಆದರೂ ಮೇಡಂ ಹೇಳಿದ್ದೇ ನಡೆಯಿತು. ಮೊದಲು ನಿಂತ ಬಸ್ಸಿನಲ್ಲಿ ಕೂರುವುದು. ಆಮೇಲೆ ಒಂದು ಸ್ಟಾಪು. ಆಮೇಲೆ ಅಕ್ಕ ನಾಲ್ಕು ಸೀಟು ಹಿಂದೆ. ಪ್ರತಿ ಸಲವೂ ವೀಣ ತನ್ನ ಹೆದರಿಕೆಗೆ ನೂರಕ್ಕೆ ಎಷ್ಟೆಂದು ಅಂಕ ಬರೆದುಕೊಳ್ಳುತ್ತಿದ್ದಳು. ಒಂಟಿಯಾಗಿ ಓಡಾಡುವುದು ಸಾಧ್ಯವಾದರೆ ಮುಂದಿನ ತಿಂಗಳು ಮದ್ದೂರಿನ ಲ್ಯಾಬಿನಲ್ಲಿ ಕೆಲಸ ಕಾದಿತ್ತು.

ಒಬ್ಬಳೇ ಬಸ್ಸು ಹತ್ತಬೇಕಿದ್ದ ಸೋಮವಾರ ಬೆಳಿಗ್ಗೆ ವೀಣ ಕೈ ಚಾಚಿದಳು. “ನನ್ ಕಾರ್ಡ್ ಕೊಡಕ್ಕ.”

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಬಿಟ್ಟಿ, ಆಧಾರ್ ತೋರಿಸಿದರೆ ಸಾಕು. ಇಬ್ಬರ ಕಾರ್ಡೂ ಶಶಿರೇಖಾಳ ಪರ್ಸಿನಲ್ಲೇ ಇರುತ್ತಿದ್ದವು. ಅವಳು ಬೇಕೆಂದೇ ತಡಮಾಡಿ ಹುಡುಕಿದಳು.

“ನಿಂಬೆಹಣ್ಣು?”

“ಬ್ಯಾಡ ಕಣಕ್ಕ.”

“ನಾನು ಗದ್ದೆ ಕಡೆ ಓಯ್ತೀನಿ” ಎಂದು ನಿಂಬೆಹಣ್ಣನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲೇ ಹೊರಟವಳು, ನಾಲೆ ಏರಿಯ ಮೇಲೆ ದಾಪುಗಾಲು ಹಾಕಿ ಮುಂದಿನ ಸ್ಟಾಪು ಸೇರಿದಳು. ಬಸ್ಸು ಬಂದಾಗ ಗಾರೆ ಕೆಲಸದವರ ಗುಂಪಿನಲ್ಲಿ ನುಸುಳಿ, ಹಿಂಬಾಗಿಲಿನಿಂದ ಹತ್ತಿ, ತಲೆ ತುಂಬ ಸೆರಗು ಹೊದ್ದು ಕೊನೆಯ ಸೀಟಿನಲ್ಲಿ ಕೂತಳು.

ಐದು ಸಾಲು ಮುಂದೆ ತಂಗಿಯ ಜಡೆ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ಸಿಕ್ಕಿಕೊಂಡಾಗ ಆ ಭುಜ ಬಿಗಿಯಿತು. ಕೈ ಪಕ್ಕದ ಖಾಲಿ ಸೀಟನ್ನು ತಡಕಿತು. ತನ್ನ ಜಾಗವನ್ನೇ. ಶಶಿರೇಖಾಳ ಎದೆಯಲ್ಲಿ ಸಂತೋಷ ಚಿಮ್ಮಿತು. ಹೆದರಿದೆಯಾ? ಹೆದರು. ಕರೆಯೇ ನನ್ನ.

ವೀಣ ಕರೆಯಲಿಲ್ಲ. ತಡಕಿದ ಕೈಯನ್ನು ಹಿಂದಕ್ಕೆ ತಂದು ತೊಡೆಯ ಮೇಲೆ ಅಂಗೈ ಬಿಚ್ಚಿ ಇಟ್ಟಳು. ಸುಮ್ಮನೆ ಕೂತಳು. ಬಹಳ ಹೊತ್ತಾದ ಮೇಲೆ ಭುಜ ಇಳಿಯಿತು. ಮುದುಕಿಯೊಬ್ಬಳು ಬಂದು ಆ ಖಾಲಿ ಜಾಗದಲ್ಲಿ ಕೂತು, ತೂಕಡಿಸುತ್ತ ವೀಣಳ ಹೆಗಲಿಗೇ ತಲೆಯಿಟ್ಟಳು. ವೀಣ ಹೆಗಲನ್ನು ಸ್ವಲ್ಪ ತಗ್ಗಿಸಿಕೊಟ್ಟಳು. ಆ ಮುದುಕಿಯನ್ನು ಎಳೆದು ಎಬ್ಬಿಸಬೇಕೆನಿಸಿತು ಶಶಿರೇಖಾಳಿಗೆ.

“ಏನಕ್ಕೋ!” ಕಂಡಕ್ಟರ್ ಶಿವರಾಮು ಎದುರಿಗೆ ನಿಂತಿದ್ದ. “ತಂಗಿ ಮುಂದೆ, ನೀನಿಲ್ಲಿ ಮುಸುಕಾಕ್ಕಂಡು! ಗಂಡ ಎಂಡ್ರು ಜಗಳ ಆಡ್ದಂಗೆ ಆಡ್ಕಂಡ್ರಾ? ಕೂಗ್ಲಾ?”

ಕೂಗಿದರೆ ವೀಣ ತಿರುಗುತ್ತಾಳೆ. ಅಕ್ಕ ಇದ್ದಳು, ಅದಕ್ಕೇ ಬದುಕಿದೆ ಅಂದುಕೊಳ್ಳುತ್ತಾಳೆ. ನಿಂತ ಬಸ್ಸಿನಿಂದ ಮತ್ತೆ ಶುರು. ಮದ್ದೂರಿನ ಕೆಲಸ ಹಾಗೇ ಮುಂದಕ್ಕೆ ಹೋಗುತ್ತದೆ. ಕಿಟಕಿಯ ಈಚೆಗಿನ ಜಾಗ ಮತ್ತೆ ತನ್ನದು. ‘ಕೂಗಪ್ಪ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಸೀಟುಗಳ ಸಂದಿಯಲ್ಲಿ ಆ ಬಿಚ್ಚಿದ ಅಂಗೈ ಕಾಣುತ್ತಿತ್ತು. ಒಂಬತ್ತು ವರ್ಷದವಳ ಕೈಯಷ್ಟೇ ಸಣ್ಣದು.

“ಕೂಗ್ಬ್ಯಾಡ” ಎಂದಳು ಹಲ್ಲು ಕಚ್ಚಿ. “ಇಲ್ಲೇ ಇಳಿಸು ನನ್ನ. ನಾನ್ ಬಂದಿದ್ದು ಅವಳ್ಗೆ ಏಳಿದ್ರೆ ನಿನ್ ಗತಿ ನೆಟ್ಗಿರಲ್ಲ.”

“ಸರಿ ಬುಡಕ್ಕ, ನಂಗ್ಯಾಕೆ” ಎಂದು ಶಿವರಾಮು ಸೀಟಿ ಊದಿದ.

ರಸ್ತೆಯ ಬದಿಯಲ್ಲಿ ನಿಂತು ಲೆಕ್ಕ ಹಾಕಿದಳು. ಈಗ ಮಂಡ್ಯ ಬಂದಿರಬೇಕು. ಫೋನ್ ಮಾಡಿದಳು. ವೀಣಳ ನಂಬರು ಬಿಜಿಯಿತ್ತು. ಇನ್ನೊಮ್ಮೆ ಮಾಡಿದಳು, ಆಗಲೂ ಬಿಜಿ. ಐದು ನಿಮಿಷದ ಮೇಲೆ ವೀಣಳೇ ಮಾಡಿದಳು.

“ಅಕ್ಕಾ, ಇಳುದ್ಬುಟ್ಟೆ ಕಣಕ್ಕ! ಮಧ್ಯದಲ್ಲಿ ಎಂಬತ್ತು ಬಂದಿತ್ತು. ಆಮೇಲೆ ತಾನೇ ಮೂವತ್ತಕ್ಕೆ ಇಳೀತು. ಮೇಡಂಗೆ ಈಗ ತಾನೇ ಏಳ್ದೆ, ಎಷ್ಟು ಕುಸಿ ಪಟ್ರು ಗೊತ್ತಾ?”

ಮೊದಲು ಅವರಿಗೆ. ಶಶಿರೇಖಾ ನಿಂಬೆಹಣ್ಣನ್ನು ಉಗುರಿನಿಂದ ಒತ್ತಿದಳು.

“ಒಳ್ಳೇದಾಯ್ತು” ಎಂದಳು.

“ಎಲ್ಲಿದ್ದೀಯಕ್ಕ? ಬಸ್ ಆರನ್ ಕೇಳ್ತದೆ.”

“ಗದ್ದೆ ತಾವ. ರೋಡಲ್ಲಿ ಯಾವ್ದೋ ಗಾಡಿ.”

ಕೊತ್ತತ್ತಿಯ ಕಡೆಗೆ ಹೋಗುವ ಬಸ್ಸು ಬಂತು. ಇಬ್ಬರು ಕೂರುವ ಸೀಟೊಂದು ಖಾಲಿಯಿತ್ತು. ಅಭ್ಯಾಸಬಲದಿಂದ ಈಚೆಗೆ ಕೂತು, ಸ್ವಲ್ಪ ದೂರ ಹಾಗೇ ಹೋದಳು. ಆಮೇಲೆ ಕಿಟಕಿಯ ಕಡೆಗೆ ಜರುಗಿದಳು.